ಇಲ್ಲದ ನಗರವನ್ನು ಕಟ್ಟುವ ಬಗೆ

ಕರಾವಳಿಯಿಂದ ಬಂದ ವಾಚಕರಿಗೆ ತಾಳಮದ್ದಳೆಯ ಪರಿಚಯ ಹೇಳಬೇಕಾದುದಿಲ್ಲ. ವೇಷವಿಲ್ಲ, ಗೆಜ್ಜೆಯಿಲ್ಲ; ಭಾಗವತರು ಪದ ಹಾಡಿದೊಡನೆ ಅರ್ಥಧಾರಿಗಳು ಕುಳಿತಲ್ಲಿಯೇ ಕೃಷ್ಣನಾಗಿ, ಕೌರವನಾಗಿ ವಾದಕ್ಕೆ ತೊಡಗುತ್ತಾರೆ. ಮಾತು ಆ ಕ್ಷಣದಲ್ಲಿ ಹುಟ್ಟಿದ್ದು, ಬರೆದಿಟ್ಟುದಲ್ಲ. ಇದನ್ನು ಬಹುಮಟ್ಟಿಗೆ ಹೋಲುವ ಆಟವೊಂದು 1974ರಲ್ಲಿ ಅಮೆರಿಕದಲ್ಲಿ ಹೊರಬಂದಿತು. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬುದು ಅದರ ಹೆಸರು. ಗ್ಯಾರಿ ಗೈಗಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಅದರ ಕರ್ತೃಗಳು. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು ಒಂದೊಂದು ಪಾತ್ರವನ್ನು ವಹಿಸುತ್ತಾರೆ; ಒಬ್ಬನು ಸೂತ್ರಧಾರನಾಗಿ ಕಥೆಯನ್ನು ನಡೆಸುತ್ತಾನೆ. ತಾಳಮದ್ದಳೆಯಲ್ಲಿ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು. ಇಲ್ಲಿ ಸೂತ್ರಧಾರನಿಗೂ ಗೊತ್ತಿಲ್ಲ. ಸಂದೇಹ ಬಂದೆಡೆಯಲ್ಲಿ ದಾಳವನ್ನುರುಳಿಸಿ ನಿರ್ಣಯಿಸುತ್ತಾರೆ. ಇಪ್ಪತ್ತು ಮುಖದ ದಾಳವೂ ಉಂಟು. ಶಕುನಿಯ ಕೈಗೆ ಅದು ಸಿಕ್ಕದಿದ್ದುದು ಪಾಂಡವರ ಪುಣ್ಯ!

ಪಾತ್ರಗಳು ಕಾಡಿನಲ್ಲಿ ಅಲೆಯುವಷ್ಟು ಕಾಲ ಸೂತ್ರಧಾರನಿಗೆ ವಿಶೇಷ ತೊಂದರೆಯಿಲ್ಲ. ಅವು ನಗರವನ್ನು ಹೊಕ್ಕೊಡನೆ ಕಷ್ಟ ಆರಂಭವಾಗುತ್ತದೆ. ಆ ನಗರವನ್ನು ಅವನೇ ಕಲ್ಪಿಸಿಕೊಳ್ಳಬೇಕು. ಮೊದಲು ಅರಮನೆ, ಆಮೇಲೆ ಕೋಟೆ, ಗೋಪುರ, ಮಾಂತ್ರಿಕನ ಮಠ ಎಂದು ತರುಣರು ನಕ್ಷೆ ಬರೆಯುವುದುಂಟು. ನೋಡಲು ಅದು ಬಲು ಸೊಗಸು. ಆದರೆ ಆಡತೊಡಗಿದ ಅರ್ಧ ಗಂಟೆಯಲ್ಲಿಯೇ ಬಣ್ಣ ಕಳಚುತ್ತದೆ.

ಕಾರಣವೇನೆಂಬುದನ್ನು ತಿಳಿಯಬೇಕಾದರೆ ನಮ್ಮ ಹೈದರಾಬಾದಿನ ಹೊರವಲಯದಲ್ಲಿರುವ ರಾಮೋಜಿ ಫಿಲ್ಮ್ ಸಿಟಿಗೆ ಹೋಗಿಬರಬಹುದು. 1996ರಲ್ಲಿ ಸ್ಥಾಪಿತವಾದ ಆ ಚಿತ್ರನಗರಿಯಲ್ಲಿ, 2015ರಲ್ಲಿ ತೆರೆಕಂಡ ‘ಬಾಹುಬಲಿ’ ಚಿತ್ರಕ್ಕಾಗಿ ಮಾಹಿಷ್ಮತಿ ಎಂಬ ರಾಜಧಾನಿಯು ಎದ್ದು ನಿಂತಿತು. ಹೆಸರು ಪುರಾಣದ ಕಾರ್ತವೀರ್ಯಾರ್ಜುನನ ರಾಜಧಾನಿಯದು. ರೂಪವನ್ನು ಕೊಟ್ಟವರು ಕಲಾನಿರ್ದೇಶಕ ಸಾಬು ಸಿರಿಲ್. ಅದರ ಭವ್ಯತೆಯ ವಿಷಯದಲ್ಲಿ ಎರಡು ಮಾತಿಲ್ಲ. ಆದರೆ ಚಿತ್ರದ ನಗರವು ಒಂದು ಕಣ್ಣಿಗಾಗಿ ಕಟ್ಟಿದ ನಗರ. ಕ್ಯಾಮೆರಾ ನೋಡುವ ಕಡೆಯಲ್ಲಿ ಗೋಡೆಯಿದ್ದರೆ ಸಾಕು. ಬೆನ್ನ ಕಡೆ ಏನಿದೆಯೆಂದು ಪ್ರೇಕ್ಷಕನು ಎದ್ದುಹೋಗಿ ನೋಡಲಾರನು. ಆಟಗಾರನು ಹಾಗಲ್ಲ. “ಈ ಬಾಗಿಲ ಹಿಂದೆ ಯಾರಿದ್ದಾರೆ? ಈ ಊರಿಗೆ ಅಕ್ಕಿ ಎಲ್ಲಿಂದ ಬರುತ್ತದೆ? ಮುಸುರೆಯ ನೀರು ಎಲ್ಲಿಗೆ ಹೋಗುತ್ತದೆ?” ಎಂದು ಕೇಳಿಯೇ ಕೇಳುತ್ತಾನೆ. ಉತ್ತರವಿಲ್ಲದ ನಗರ ಅಲ್ಲಿಗೆ ಮುಗಿಯಿತು.

ಉತ್ತರವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಹೈದರಾಬಾದೇ ಮೊದಲು ಕಲ್ಪನೆಯಲ್ಲಿ ಹುಟ್ಟಿ ಆಮೇಲೆ ನೆಲಕ್ಕಿಳಿದ ನಗರ. ಗೋಲ್ಕೊಂಡದಲ್ಲಿ ಜನ ಹೆಚ್ಚಿ ನೀರು ಸಾಲದಾದಾಗ, 1591ರಲ್ಲಿ ಮುಹಮ್ಮದ್ ಕುಲಿ ಕುತುಬ್ ಶಹನು ಮೂಸಿ ನದಿಯ ದಕ್ಷಿಣ ದಡದಲ್ಲಿ ಹೊಸ ರಾಜಧಾನಿಗೆ ತಳಹದಿ ಹಾಕಿಸಿದನು. ಅವನ ಪೇಶ್ವೆ ಮೀರ್ ಮೋಮಿನ್ ಅಸ್ತ್ರಾಬಾದಿಯು ಸ್ವರ್ಗದ ಪ್ರತಿರೂಪವಾಗಲೆಂದು ನಕ್ಷೆಯನ್ನು ಸಿದ್ಧಪಡಿಸಿದನೆಂದು ಹೇಳುತ್ತಾರೆ. ನಡುವೆ ಚಾರ್‌ಮಿನಾರ್, ಅಲ್ಲಿಂದ ನಾಲ್ಕು ದಿಕ್ಕಿಗೆ ನಾಲ್ಕು ರಾಜಬೀದಿಗಳು, ಉತ್ತರಕ್ಕೆ ನಾಲ್ಕು ಕಮಾನುಗಳು, ಅವುಗಳ ನಡುವೆ ಗುಲ್ಜಾರ್ ಹೌಜ್ ಎಂಬ ನೀರಿನ ಕೊಳ. ದಾರಿ ತಪ್ಪಿದವನು ತಲೆಯೆತ್ತಿ ನೋಡಿದರೆ ಸಾಕು, ಮಿನಾರುಗಳು ದಿಕ್ಕು ತೋರಿಸುತ್ತವೆ. ಆಟಕ್ಕೆ ನಗರ ಕಟ್ಟುವವನು ಇಷ್ಟನ್ನು ಕಣ್ಣುಮುಚ್ಚಿ ನಕಲು ಮಾಡಬಹುದು.

ಇನ್ನೊಂದು ಸಂಗತಿಯನ್ನು ಅನೇಕರು ಗಮನಿಸುವುದಿಲ್ಲ. ಪುರಾನಾ ಪುಲ್ ಕಟ್ಟಿದ್ದು 1578ರಲ್ಲಿ. ಎಂದರೆ ನಗರಕ್ಕಿಂತ ಸೇತುವೆಯೇ ಹದಿಮೂರು ವರ್ಷ ಹಿರಿಯದು. ಭಾಗಮತಿಯನ್ನು ಕಾಣಲು ರಾಜಕುಮಾರನು ತುಂಬಿದ ಹೊಳೆಯನ್ನು ದಾಟಿದನೆಂದೂ ಮಗನ ಪ್ರಾಣಕ್ಕೆ ಹೆದರಿ ತಂದೆಯು ಸೇತುವೆ ಕಟ್ಟಿಸಿದನೆಂದೂ ಊರ ಕಥೆ. ಆಗ ರಾಜಕುಮಾರನ ವಯಸ್ಸು ಹದಿಮೂರರ ಆಸುಪಾಸು! ಭಾಗಮತಿ ಇದ್ದಳೋ ಇಲ್ಲವೋ ಎಂದು ಇತಿಹಾಸಕಾರರು ಇಂದಿಗೂ ಜಗಳವಾಡುತ್ತಾರೆ. ಆಟದ ನಗರಕ್ಕೆ ಬೇಕಾದುದು ಇಂಥ ಕಥೆಯೇ. ಕೋಟೆಯವರು ಒಂದು ಹೇಳಬೇಕು, ಬಜಾರಿನವರು ಇನ್ನೊಂದು ಹೇಳಬೇಕು. ನಿಜವನ್ನು ಆಟಗಾರರು ಅರಸಲಿ.

ಇಷ್ಟೆಲ್ಲ ಯೋಚಿಸಿ ಕಟ್ಟಿದ ಸ್ವರ್ಗದಲ್ಲಿಯೂ ನದಿಯ ಸ್ವಭಾವವನ್ನು ಮರೆತದ್ದಾಯಿತು. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿತು. ಮೇಲ್ಭಾಗದ ಜಲಾನಯನದಲ್ಲಿ ಇನ್ನೂರಕ್ಕೂ ಹೆಚ್ಚು ಕೆರೆಗಳು ಒಡೆದು, ನದಿಯಂಚಿನ ಕೇರಿಗಳು ಕೊಚ್ಚಿಹೋಗಿ, ಸಾವಿರಾರು ಮಂದಿ ಮಡಿದರು. ಈಗಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಹುಣಿಸೆಯ ಮರವನ್ನೇರಿ ಸುಮಾರು 150 ಮಂದಿ ಪ್ರಾಣ ಉಳಿಸಿಕೊಂಡರೆಂದು ಪ್ರತೀತಿ. ಮರು ವರ್ಷ ನಿಜಾಮರ ಸರ್ಕಾರವು ಕರೆಸಿಕೊಂಡದ್ದು ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಅವರು ಗೋಪುರವನ್ನು ನೋಡಲಿಲ್ಲ, ಮಳೆಯ ಲೆಕ್ಕವನ್ನು ನೋಡಿದರು. ಊರಿನ ಮೇಲ್ಗಡೆ ನೀರನ್ನು ತಡೆದು ನಿಲ್ಲಿಸಬೇಕೆಂಬ ಅವರ ಯೋಜನೆಯಿಂದ ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಸಿದ್ಧವಾದವು. ಆದುದರಿಂದ ನಕ್ಷೆಯ ಹಾಳೆಯಲ್ಲಿ ಮೊದಲು ಎಳೆಯಬೇಕಾದುದು ಅರಮನೆಯನ್ನಲ್ಲ, ಹೊಳೆಯನ್ನು. ಅದು ಎಲ್ಲಿಂದ ಬರುತ್ತದೆ, ಯಾವಾಗ ಏರುತ್ತದೆ, ಏರಿದರೆ ಯಾರ ಮನೆ ಮೊದಲು ಮುಳುಗುತ್ತದೆ ಎಂಬುದು ಗೊತ್ತಾದರೆ ಬಡವರ ಕೇರಿ ಎಲ್ಲಿ, ಧನಿಕರ ದಿಬ್ಬ ಎಲ್ಲಿ ಎಂಬುದು ತಾನಾಗಿಯೇ ಗೊತ್ತಾಗುತ್ತದೆ.

ಹೊಳೆಯ ಅನಂತರ ಹೋಟೆಲು. ಇದು ತಮಾಷೆಯ ಮಾತಲ್ಲ. ಈ ಆಟದಲ್ಲಿ ಅಪರಿಚಿತ ವೀರರು ಪರಸ್ಪರ ಭೇಟಿಯಾಗುವುದು ಪಾನಗೃಹದಲ್ಲಿ ಎಂಬುದು ಹಳೆಯ ವಾಡಿಕೆ. 1976ರಲ್ಲಿ ಅಮೆರಿಕದ ಜಡ್ಜಸ್ ಗಿಲ್ಡ್ ಸಂಸ್ಥೆಯು ಆಟಕ್ಕೆಂದೇ ಒಂದು ಇಡೀ ನಗರವನ್ನು ಅಚ್ಚುಹಾಕಿತು. ಅದರಲ್ಲಿ ಬೀದಿ ಬೀದಿಯ ಅಂಗಡಿಗಳನ್ನೂ ಅಂಗಡಿಯವರನ್ನೂ ವಿವರಿಸಿದ್ದರು. ಆದರೆ ಈ ವಿಷಯದಲ್ಲಿ ನಮ್ಮ ಮಾಣಿಗಳ ಜ್ಞಾನ ಯಾವ ಗ್ರಂಥಕ್ಕೂ ಕಡಿಮೆಯದಲ್ಲ. ಯಾರು ಯಾರೊಡನೆ ಕುಳಿತು ಕಾಫಿ ಕುಡಿದರು, ಯಾರು ಎದ್ದುಹೋದ ಮೇಲೆ ಯಾರ ದನಿ ತಗ್ಗಿತು, ಯಾವ ಗಿರಾಕಿಗೆ ಗಲ್ಲಾದವರು ಸಾಲ ಹೇಳುವುದಿಲ್ಲ ಎಂಬುದೆಲ್ಲ ಅವರಿಗೆ ಕರತಲಾಮಲಕ. ಕಾಚಿಗುಡಾ ನಿಲ್ದಾಣದಲ್ಲಿ ಟ್ರಂಕು ಹಿಡಿದು ಇಳಿದ ಹುಡುಗನು ಮೊದಲ ದಿನ ಎಲ್ಲಿ ಉಣ್ಣುತ್ತಾನೆ, ಎಲ್ಲಿ ಮಲಗುತ್ತಾನೆ, ತನ್ನ ಭಾಷೆಯವರನ್ನು ಹೇಗೆ ಕಂಡುಹಿಡಿಯುತ್ತಾನೆ ಎಂಬುದನ್ನು ಬಲ್ಲವನು ಯಾವ ನಗರವನ್ನಾದರೂ ಕಲ್ಪಿಸಬಲ್ಲನು. ಗುಮಾಸ್ತರೂ ಅಷ್ಟೇ. ರಾಜನ ಆಜ್ಞೆಗಿಂತ ಸುಂಕದ ಕಟ್ಟೆಯ ಮೊಹರಿಗೆ ಹೆಚ್ಚು ಬೆಲೆ ಎಂಬುದು ಕಡತ ಕಟ್ಟಿದವರಿಗೆ ಗೊತ್ತು. ಖಡ್ಗ ಹಿಡಿದ ವೀರನು ರುಜುವಿಗಾಗಿ ಮೂರು ದಿನ ಕಾಯುವುದು ಆಟದಲ್ಲಿಯೂ ಬಹು ಸ್ವಾರಸ್ಯ.

ಎಲ್ಲವನ್ನೂ ಮೊದಲೇ ತೀರ್ಮಾನಿಸಿಡಬೇಕೆಂದೇನೂ ಇಲ್ಲ. ಆರ್. ಕೆ. ನಾರಾಯಣರ ಮನಸ್ಸಿಗೆ ಮಾಲ್ಗುಡಿ ಮೊದಲು ಹೊಳೆದದ್ದು ಒಂದು ಪುಟ್ಟ ರೈಲು ನಿಲ್ದಾಣದ ಸಮೇತ. 1935ರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯಿಂದ ಮೊದಲುಗೊಂಡು ಬೀದಿ, ಅಂಗಡಿಗಳು ಅಗತ್ಯವಿದ್ದಂತೆ ಬಂದು ಸೇರಿದವು. ಸರಯೂ ಎಂಬ ಹೊಳೆ ಮಾತ್ರ ಅಲ್ಲಿಯೂ ಉಂಟು.

ಹಾಗಾದರೆ ಒಂದು ರಜೆಯ ಸಂಜೆ, ಕೊಠಡಿಯ ನಾಲ್ವರು ಗೆಳೆಯರು ಕೂಡಿ ನೋಡಬಹುದು. ಖರ್ಚು ಒಂದು ಹಾಳೆ, ಒಂದು ಪೆನ್ಸಿಲು, ಪಗಡೆಯ ದಾಳ. ಹೊಳೆಯನ್ನು ಎಳೆಯಿರಿ, ಸೇತುವೆಯ ಬುಡದಲ್ಲಿ ಒಂದು ಹೋಟೆಲನ್ನಿಡಿ, ಎದುರಿಗೆ ಸುಂಕದ ಕಟ್ಟೆ. ಒಬ್ಬರು ಮಾಣಿ, ಒಬ್ಬರು ಗುಮಾಸ್ತ, ಒಬ್ಬರು ಈಗತಾನೆ ಊರಿಗೆ ಬಂದವರು. ಸೂತ್ರಧಾರನು ಆರಂಭಿಸಲಿ: “ಮೂರು ದಿನದಿಂದ ಮಳೆ ನಿಂತಿಲ್ಲ. ನೀರು ಹೋಟೆಲಿನ ಎರಡನೆಯ ಮೆಟ್ಟಿಲಿಗೆ ಬಂದಿದೆ. ಒಳಗೆ ಮೂವತ್ತು ಮಂದಿ ಊಟಕ್ಕೆ ಕುಳಿತಿದ್ದಾರೆ. ಈಗ ಏನು ಮಾಡುತ್ತೀರಿ?”