ಗಾಳಿ ಸೀಳುವ ಹೆಲ್ಮೆಟ್‌ಗೆ ಒಂದೇ ಪೆಟ್ಟಿನ ಆಯುಷ್ಯ

ಆಷಾಢದಲ್ಲಿ ನಂಜನಗೂಡಿನಿಂದ ತಿ. ನರಸೀಪುರಕ್ಕೆ ಸೈಕಲ್ ತುಳಿದವರಿಗೆ ಗಾಳಿಯ ಗುಣವನ್ನು ಬೇರೆಯಾಗಿ ಹೇಳಿಕೊಡಬೇಕಿಲ್ಲ. ಹೋಗುವಾಗ ಪಡುವಣ ಗಾಳಿ ಬೆನ್ನಿಗಿರುತ್ತದೆ, 25 ಕಿ.ಮೀ.ಗೂ ಹೆಚ್ಚಿನ ದಾರಿ ಸವೆದದ್ದೇ ತಿಳಿಯುವುದಿಲ್ಲ. ಕಾವೇರಿ–ಕಪಿಲೆಯರ ಸಂಗಮದಲ್ಲಿ ಕೈಕಾಲು ತೊಳೆದು ಹಿಂದಿರುಗುವಾಗ ಅದೇ ಗಾಳಿ ಎದೆಗೆ ಕೈಯಿಟ್ಟು ನೂಕುತ್ತದೆ. ಆಗ ಹ್ಯಾಂಡಲ್ ಮೇಲೆ ಬಾಗಿ, ತಲೆ ತಗ್ಗಿಸಿ ತುಳಿಯುವುದನ್ನು ಹುಡುಗರು ಯಾರಿಂದಲೂ ಕಲಿಯಬೇಕಿಲ್ಲ. ‘ಟೈಂ ಟ್ರಯಲ್’ ಎಂಬ ಸೈಕಲ್ ಪಂದ್ಯದವರು ತೊಡುವ, ಹಿಂದೆ ಬಾಲವಿರುವ ವಿಚಿತ್ರ ಹೆಲ್ಮೆಟ್ ಹುಟ್ಟಿದ್ದೂ ಇದೇ ಅನುಭವದಿಂದ.

ಈ ಪಂದ್ಯದಲ್ಲಿ ಸವಾರರು ಗುಂಪಾಗಿ ಓಡುವುದಿಲ್ಲ. ಒಬ್ಬೊಬ್ಬರಾಗಿ ಹೊರಟು ಗಡಿಯಾರದೊಡನೆ ಸ್ಪರ್ಧಿಸುತ್ತಾರೆ. ಮುಂದಿನವನ ಮರೆಯಲ್ಲಿ ಗಾಳಿ ತಪ್ಪಿಸಿಕೊಳ್ಳುವ ಉಪಾಯ ಇಲ್ಲಿಲ್ಲ. ಶಾಲೆಗೆ ಹೋಗುವ ಹುಡುಗನ ವೇಗ ಗಂಟೆಗೆ 15 ಕಿ.ಮೀ., ಪಂದ್ಯದ ಸವಾರನದು 45 ಎಂದಿಟ್ಟುಕೊಳ್ಳಿ. ವೇಗ ಮೂರು ಪಟ್ಟಾದರೆ ಗಾಳಿಯ ತಡೆ ಒಂಬತ್ತು ಪಟ್ಟಾಗುತ್ತದೆ. ಆ ತಡೆಯನ್ನು ಗೆಲ್ಲಲು ಬೇಕಾದ ಶಕ್ತಿ 27 ಪಟ್ಟು! ಹೀಗಾಗಿ ತಲೆಯ ಆಕಾರವೂ ಲೆಕ್ಕಕ್ಕೆ ಬಂತು.

1989ರ ಟೂರ್ ಡಿ ಫ್ರಾನ್ಸ್‌ನ ಕೊನೆಯ ದಿನ ಇದನ್ನು ಜಗತ್ತು ಕಣ್ಣಾರೆ ಕಂಡಿತು. ವರ್ಸೈನಿಂದ ಪ್ಯಾರಿಸ್‌ವರೆಗಿನ 24.5 ಕಿ.ಮೀ. ಟೈಂ ಟ್ರಯಲ್ ಮಾತ್ರ ಉಳಿದಿತ್ತು. ಫ್ರಾನ್ಸಿನ ಲೋರಾಂ ಫಿನ್ಯೋಂ 50 ಸೆಕೆಂಡ್ ಮುಂದಿದ್ದರು. ಅಮೆರಿಕದ ಗ್ರೆಗ್ ಲೆಮಾಂಡ್ ಮುಂದಕ್ಕೆ ಚಾಚಿದ ಹೊಸ ಬಗೆಯ ಹ್ಯಾಂಡಲ್ ಹಾಕಿಸಿ, ಬಾಲದ ಹೆಲ್ಮೆಟ್ ತೊಟ್ಟು ಹೊರಟರು. ಫಿನ್ಯೋಂ ಬರಿದಲೆಯಲ್ಲಿ, ಜುಟ್ಟು ಹಾರಿಸುತ್ತ ಬಂದರು. ಮೂರು ವಾರಗಳ ಪಂದ್ಯವನ್ನು ಲೆಮಾಂಡ್ ಗೆದ್ದದ್ದು ಕೇವಲ 8 ಸೆಕೆಂಡ್‌ಗಳಿಂದ. ಗೆಲುವನ್ನೆಲ್ಲ ಹೆಲ್ಮೆಟ್‌ಗೇ ಕೊಟ್ಟರೆ ಕಾಲುಗಳಿಗೆ ಅನ್ಯಾಯವಾದೀತು. ಆದರೂ 8 ಸೆಕೆಂಡ್ ಎಂದರೆ ಜುಟ್ಟಿನ ಮಾತೂ ಬರುತ್ತದೆ.

ಬಾಲ ಏಕೆ? ಗಾಳಿಗೆ ಎದುರಾದ ದುಂಡನೆಯ ವಸ್ತುವಿನ ಹಿಂದೆ ಸುಳಿಗಳೆದ್ದು ಅದನ್ನು ಹಿಂದಕ್ಕೆ ಜಗ್ಗುತ್ತವೆ. ಹಿಂಭಾಗ ನೀರಹನಿಯಂತೆ ಸಣ್ಣಗಾಗುತ್ತ ಹೋದರೆ ಸೀಳಿದ ಗಾಳಿ ನಿಧಾನವಾಗಿ ಕೂಡಿಕೊಳ್ಳುತ್ತದೆ. ಆದರೆ ಬಾಲ ಬೆನ್ನಿಗೆ ಒರಗಿದ್ದರಷ್ಟೇ ಲಾಭ. ದಣಿದ ಸವಾರ ತಲೆ ತಗ್ಗಿಸಿದೊಡನೆ ಅದು ಮೇಲೆದ್ದು ಗಾಳಿಗೆ ಅಡ್ಡ ನಿಲ್ಲುತ್ತದೆ. ಆದ್ದರಿಂದಲೇ ಆಮೇಲೆ ಗಿಡ್ಡ ಬಾಲದವೂ ಬಂದವು. ಗಾಳಿಕಿಂಡಿ ಕಡಿಮೆಯಾದಷ್ಟೂ ಮೈ ನುಣುಪು, ಒಳಗೆ ಸೆಕೆಯೂ ಅಷ್ಟೇ ಹೆಚ್ಚು.

ಇನ್ನೊಂದು ಸಂಗತಿ ಹೆಚ್ಚಿನವರಿಗೆ ತಿಳಿದಿಲ್ಲ. ಮೊದಮೊದಲ ಇಂತಹ ಹೆಲ್ಮೆಟ್‌ಗಳಲ್ಲಿ ಹಲವು ಬರಿಯ ಚಿಪ್ಪುಗಳು. ಗಾಳಿ ಸೀಳುತ್ತಿದ್ದವು, ತಲೆ ಕಾಯುತ್ತಿರಲಿಲ್ಲ. 2003ರ ಮಾರ್ಚ್‌ನಲ್ಲಿ ಪ್ಯಾರಿಸ್–ನೀಸ್ ಪಂದ್ಯದಲ್ಲಿ ಬರಿದಲೆಯಲ್ಲಿದ್ದ ಕಜಕಸ್ತಾನದ ಆಂದ್ರೇ ಕಿವಿಲೇವ್ ಬಿದ್ದು ತೀರಿಕೊಂಡರು. ಅದೇ ವರ್ಷ ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಹೆಲ್ಮೆಟ್ ಕಡ್ಡಾಯ ಮಾಡಿತು. ಆ ಬಳಿಕ ಬಾಲದ ಹೆಲ್ಮೆಟ್ ಸಹ ಪೆಟ್ಟಿನ ಪರೀಕ್ಷೆ ದಾಟಬೇಕಾಯಿತು.

ಪರೀಕ್ಷೆ ಎಂದರೆ ಬೀಳಿಸುವುದು. ಯುರೋಪಿನ ನಿಯಮದಂತೆ ಲೋಹದ ತಲೆಯಾಕೃತಿಗೆ ಹೆಲ್ಮೆಟ್ ತೊಡಿಸಿ ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಉಕ್ಕಿನ ಅಡಿಗಲ್ಲಿನ ಮೇಲೆ ಬಿಡುತ್ತಾರೆ. ಒಳಗಿನ ತಲೆಗೆ ತಟ್ಟುವ ಆಘಾತ ಗುರುತ್ವಾಕರ್ಷಣೆಯ 250 ಪಟ್ಟು ಮೀರಕೂಡದು. ಈ ಕೆಲಸ ಮಾಡುವುದು ಹೊರಗಿನ ಹೊಳೆಯುವ ಪ್ಲಾಸ್ಟಿಕ್ ಅಲ್ಲ, ಒಳಗಿನ ಥರ್ಮೋಕೋಲ್. ಟಿ.ವಿ. ಪೆಟ್ಟಿಗೆಯಲ್ಲಿ ಬರುವ ಜಾತಿಯದೇ, ಆದರೆ ಹೆಚ್ಚು ಒತ್ತಾದದ್ದು. ಅದರೊಳಗಿನ ಸಣ್ಣ ಗಾಳಿಗುಳ್ಳೆಗಳು ಜಜ್ಜಿಹೋಗುತ್ತ ಪೆಟ್ಟಿನ ಬಲವನ್ನು ನುಂಗುತ್ತವೆ. ಜಜ್ಜಿದ ಗುಳ್ಳೆ ಮತ್ತೆ ಉಬ್ಬುವುದಿಲ್ಲ. ಎರಡನೆಯ ಸಲ ಅದೇ ಜಾಗಕ್ಕೆ ಪೆಟ್ಟು ಬಿದ್ದರೆ ನುಂಗಲು ಅಲ್ಲಿ ಏನೂ ಉಳಿದಿರುವುದಿಲ್ಲ.

ಪಂದ್ಯದ ಆಸೆ ಹೊತ್ತ ಹುಡುಗರ ತಂದೆ-ತಾಯಂದಿರು ಗಮನಿಸಬೇಕಾದ್ದು ಇಲ್ಲೇ. ನಮ್ಮ ರಾಜ್ಯದಲ್ಲಿ ಸೈಕಲ್ ಪಂದ್ಯವೆಂದರೆ ವಿಜಯಪುರ, ಬಾಗಲಕೋಟೆ ಕಡೆಯ ಹೆಸರು ಮೊದಲು ಬರುತ್ತದೆ. ಬೆಂಗಳೂರಿನ ನವೀನ್ ಜಾನ್ 2016ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಷಿಪ್ ಟೈಂ ಟ್ರಯಲ್‌ನಲ್ಲಿ ಸ್ಪರ್ಧಿಸಿದ್ದರು. ಇಂತಹದನ್ನು ಕೇಳಿದ ಹುಡುಗ ಬಾಲದ ಹೆಲ್ಮೆಟ್ ಬೇಕೆನ್ನುತ್ತಾನೆ. ಹೊಸದರ ಬೆಲೆ ಕೇಳಿ ಮನೆಯವರು ಬೆಚ್ಚುತ್ತಾರೆ. ಯಾರೋ ಬಳಸಿದ್ದು ಅಗ್ಗಕ್ಕೆ ಸಿಗುತ್ತದೆ. ಹೊರಗೆ ಒಂದು ಗೀರೂ ಕಾಣುವುದಿಲ್ಲ. ಆದರೆ ಚಿಪ್ಪು ಮತ್ತೆ ಸೆಟೆದು ನಿಂತು ಒಳಗಿನ ಬಿರುಕನ್ನು ಮುಚ್ಚಿಬಿಡಬಲ್ಲದು. ಒಮ್ಮೆ ಬಿದ್ದ ಹೆಲ್ಮೆಟ್ಟೋ ಅಲ್ಲವೋ ಎಂಬುದು ಮಾರುವವನಿಗೆ ಮಾತ್ರ ಗೊತ್ತು.

ವಯಸ್ಸಿನ ಭಯ ಇಷ್ಟಿಲ್ಲ. ಐದು ವರ್ಷಕ್ಕೆ ಬದಲಿಸಿ ಎಂಬ ಸಲಹೆ ರೂಢಿಯಲ್ಲಿದೆ. ಆದರೆ ಬಳಸಿದ ನೂರಾರು ಹೆಲ್ಮೆಟ್‌ಗಳನ್ನು ಉತ್ತರ ಅಮೆರಿಕದಲ್ಲಿ ಪರೀಕ್ಷಿಸಿದಾಗ ವಯಸ್ಸೊಂದರಿಂದಲೇ ಥರ್ಮೋಕೋಲ್ ಸೋತಂತೆ ಕಾಣಲಿಲ್ಲ. ಬಿಸಿಲಿಗೆ ನಿಂತ ಕಾರಿನಲ್ಲಿ ಬಿಟ್ಟರೆ, ಕಲೆ ತೆಗೆಯಲು ಪೆಟ್ರೋಲ್ ಅಥವಾ ಥಿನ್ನರ್ ಹಚ್ಚಿದರೆ ಕೆಡುತ್ತದೆ. ಸೋಪಿನ ನೀರು ಸಾಕು.

ಮೇಲಾಗಿ ಈ ಹೆಲ್ಮೆಟ್ ದಿನನಿತ್ಯದ ದಾರಿಗೆ ಹೇಳಿಸಿದ್ದಲ್ಲ. ಎಷ್ಟೋ ಮಾದರಿಗಳು ಕಿವಿ ಮುಚ್ಚುತ್ತವೆ. ನರಸೀಪುರದ ರಸ್ತೆಯಲ್ಲಿ ಹಿಂದಿನಿಂದ ಬರುವ ಬಸ್ಸಿನ ಹಾರನ್, ಕಬ್ಬಿನ ಟ್ರ್ಯಾಕ್ಟರ್ ಸದ್ದು ಕೇಳಬೇಡವೇ? ಅಂತರರಾಷ್ಟ್ರೀಯ ಸಂಸ್ಥೆಯೂ 2025ರಲ್ಲಿ ಪ್ರಕಟಿಸಿದ ನಿಯಮದಲ್ಲಿ ಟೈಂ ಟ್ರಯಲ್ ಹೆಲ್ಮೆಟ್ ಬೇರೆ, ಗುಂಪಾಗಿ ಓಡುವ ಪಂದ್ಯದ ಹೆಲ್ಮೆಟ್ ಬೇರೆ ಎಂದು ವಿಂಗಡಿಸಿದೆ. ಅಭ್ಯಾಸಕ್ಕೂ ಶಾಲೆಗೂ ಗಾಳಿಕಿಂಡಿಗಳಿರುವ ಸಾಮಾನ್ಯ ಸೈಕಲ್ ಹೆಲ್ಮೆಟ್ ಸಾಕು. ಅಂಗಡಿಯಲ್ಲಿ ಹುಡುಗನ ತಲೆಗೇ ತೊಡಿಸಿ ನೋಡಿ: ಹುಬ್ಬಿನಿಂದ ಎರಡು ಬೆರಳು ಮೇಲಿರಬೇಕು, ಗದ್ದದ ಪಟ್ಟಿಯೊಳಗೆ ಎರಡು ಬೆರಳಿಗಿಂತ ಹೆಚ್ಚು ತೂರಬಾರದು. ಪಟ್ಟಿ ಬಿಗಿಯುವ ಮೊದಲೇ ತಲೆ ಅಲ್ಲಾಡಿಸಿದಾಗ ಹೆಲ್ಮೆಟ್ ಜಾರಿದರೆ, ಅದು ಅವನ ಅಳತೆಯದಲ್ಲ.