ಪ್ರಳಯದ ನಡಿಗೆ

ಲೋಕವೇ ನಾಶವಾಗುವುದನ್ನು ವಸ್ತುವಾಗಿ ಉಳ್ಳ ಭೀತಿಯ ಕಾದಂಬರಿಗಳು ಪಾಶ್ಚಾತ್ಯ ಸಾಹಿತ್ಯದಲ್ಲಿ ಹೇರಳವಾಗಿವೆ. ಸಾಂಕ್ರಾಮಿಕ ರೋಗ, ಮಹಾಯುದ್ಧ, ಜಲಪ್ರಳಯ, ಅನ್ಯಗ್ರಹದವರ ದಾಳಿ ಇವು ಅವುಗಳ ಸಾಮಗ್ರಿ. ಕೆಲವನ್ನು ಓದಿದವರು ರಾತ್ರಿ ದೀಪವಾರಿಸಲು ಅಂಜುತ್ತಾರೆ. ಹಲವನ್ನು ಓದಿದವರು ನಕ್ಕು ಪುಸ್ತಕವನ್ನು ಬದಿಗಿಡುತ್ತಾರೆ. ಈ ವ್ಯತ್ಯಾಸಕ್ಕೆ ಕಾರಣವನ್ನು ಕಥೆ ನಡೆಯುವ ಗತಿಯಲ್ಲಿ ಹುಡುಕಬೇಕು.

ನಮ್ಮ ಆಲಂಕಾರಿಕರು ಭಯಾನಕ ಮತ್ತು ಬೀಭತ್ಸಗಳನ್ನು ಬೇರೆ ಬೇರೆ ರಸಗಳೆಂದು ಎಣಿಸಿದರು. ಭಯಾನಕಕ್ಕೆ ಭಯವು ಸ್ಥಾಯಿಭಾವ, ಬೀಭತ್ಸಕ್ಕೆ ಜುಗುಪ್ಸೆ. ಮೊದಲ ಅಧ್ಯಾಯದಲ್ಲಿಯೇ ಹೆಣಗಳ ರಾಶಿ ಹಾಕುವ ಕಾದಂಬರಿಕಾರನು ಭಯಾನಕವನ್ನು ಅರಸಿ ಹೊರಟು ಬೀಭತ್ಸವನ್ನು ತಲುಪುತ್ತಾನೆ. ಸಾವಿರ ಮಂದಿ ಸತ್ತರೆಂಬ ವಾಕ್ಯ ಓದುಗನಿಗೆ ಬರಿಯ ಲೆಕ್ಕ. ಭಯ ಬೇರೂರಲು ಕಾಲಾವಕಾಶ ಬೇಕು.

ಕನ್ನಡದಲ್ಲಿ ಭೂಮಂಡಲದ ಅಂತ್ಯವನ್ನು ಹೇಳುವ ಕಾದಂಬರಿಗಳು ವಿರಳ. ಆದರೆ ಅಲ್ಲಿಯೇ ಹುಟ್ಟಿ ಬೆಳೆದವರಿಗೆ ಊರೇ ಲೋಕ; ಅದರ ಅಳಿವೇ ಪ್ರಳಯ. ಇಂಥ ಪ್ರಳಯದ ಎರಡು ಉತ್ತಮ ಕಥೆಗಳು ಶಿವಮೊಗ್ಗ ಜಿಲ್ಲೆಯ ಮಲೆನಾಡಿನಿಂದ ಬಂದಿವೆ.

ಮೊದಲನೆಯದು, ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಜನಿಸಿದ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965). ಶಿವಮೊಗ್ಗೆಗೆ ಹೋಗಿಬಂದ ನಾರಣಪ್ಪ ಜ್ವರದಿಂದ ಸಾಯುತ್ತಾನೆ. ಆಚಾರವನ್ನು ತೊರೆದ ಅವನ ಶವಕ್ಕೆ ಸಂಸ್ಕಾರ ಮಾಡತಕ್ಕವರು ಯಾರು ಎಂಬ ಪ್ರಶ್ನೆ ದೂರ್ವಾಸಪುರದ ಅಗ್ರಹಾರವನ್ನು ಕಾಡುತ್ತದೆ. ಶವವೆತ್ತುವವರೆಗೆ ಯಾರೂ ಉಣ್ಣುವಂತಿಲ್ಲ. ಮೊದಲು ಹಸಿವು, ಆಮೇಲೆ ದುರ್ಗಂಧ. ಇಲಿಗಳು ಹೊರಬಂದು ಸುತ್ತಿ ಸುತ್ತಿ ಬಿದ್ದು ಸಾಯುತ್ತವೆ. ಹದ್ದುಗಳು ಮನೆಯ ಸೂರಿನ ಮೇಲೆ ಬಂದು ಕೂರುತ್ತವೆ. ಬ್ರಾಹ್ಮಣರು ಜಾಗಟೆ ಬಾರಿಸಿ ಅವುಗಳನ್ನು ಓಡಿಸುತ್ತಾರೆ. ಇದು ಪ್ಲೇಗೆಂದು ಓದುಗನು ಊಹಿಸಿದ ಮೇಲೂ ಅಗ್ರಹಾರದವರು ಅದನ್ನು ಶವದ ದೋಷವೆಂದೇ ಭಾವಿಸುತ್ತಾರೆ. ಭಯ ಹುಟ್ಟುವುದು ಈ ಅಂತರದಲ್ಲಿ.

ಫ್ರೆಂಚ್ ಲೇಖಕ ಆಲ್ಬೆರ್ ಕಾಮೂ ತನ್ನ ‘ಪ್ಲೇಗ್’ (1947) ಕಾದಂಬರಿಯಲ್ಲಿಯೂ ಸಾಯುವ ಇಲಿಗಳನ್ನೇ ಮೊದಲ ಸೂಚನೆಯಾಗಿ ಇರಿಸಿದ್ದಾನೆ. ಪ್ರಾಣಿಗಳ ಸಾವು ಮನುಷ್ಯನ ಸಾವಿಗೆ ಮುನ್ಸೂಚನೆ ಎಂಬುದನ್ನು ಮಲೆನಾಡಿನವರಿಗೆ ಪುಸ್ತಕ ಕಲಿಸಬೇಕಾಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಬಳಿ ಪತ್ತೆಯಾದ ಮಂಗನ ಕಾಯಿಲೆ, 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿಯೂ ಜೀವಗಳನ್ನು ಬಲಿ ತೆಗೆದುಕೊಂಡಿತು. ಉಣುಗುಗಳಿಂದ ಹರಡುವ ಈ ರೋಗದ ಸುಳಿವು ಹಲವೊಮ್ಮೆ ಕಾಡಿನಲ್ಲಿ ಸತ್ತುಬಿದ್ದ ಮಂಗಗಳಿಂದಲೇ ದೊರೆಯುತ್ತದೆ.

ಇಂಥ ಕಥೆಗಳಲ್ಲಿ ಓದುಗನು ಕೇಳುವ ಮೊದಲ ಪ್ರಶ್ನೆ, ಇವರು ಏಕೆ ಓಡಿಹೋಗಲಿಲ್ಲ ಎಂಬುದು. ದುರ್ಬಲ ಕಾದಂಬರಿಯಲ್ಲಿ ಪಾತ್ರಗಳು ಲೇಖಕನಿಗೆ ಬೇಕೆಂದು ನಿಲ್ಲುತ್ತವೆ. ‘ಸಂಸ್ಕಾರ’ದಲ್ಲಿ ಒಬ್ಬನನ್ನು ಧರ್ಮಸಂದೇಹ ತಡೆದರೆ ಮತ್ತೊಬ್ಬನನ್ನು ಚಂದ್ರಿ ಕಳಚಿಟ್ಟ ಒಡವೆಗಳ ಆಸೆ ತಡೆಯುತ್ತದೆ. ಪ್ರಾಣೇಶಾಚಾರ್ಯರು ಗ್ರಂಥಗಳಲ್ಲಿ ಉತ್ತರ ಹುಡುಕುತ್ತಾರೆ. ಈ ವಿಳಂಬ ಸಹಜವಾದುದರಿಂದಲೇ ದುರಂತವೂ ಸಹಜವೆನಿಸುತ್ತದೆ. ಆಚಾರ್ಯರು ಅಗ್ರಹಾರವನ್ನು ಬಿಟ್ಟು ಹೊರಟ ಮೇಲೆ ಪ್ಲೇಗು ಹಿಂದೆ ಸರಿಯುತ್ತದೆ. ಭೀತಿಯನ್ನೇ ಬಯಸಿದವರಿಗೆ ಅಲ್ಲಿ ನಿರಾಶೆಯಾದೀತು; ಲೇಖಕರ ಲಕ್ಷ್ಯ ಆಚಾರ್ಯರ ಅಂತರಂಗದ ಕಡೆಗಿದೆ.

ಎರಡನೆಯ ಕಥೆ ನೀರಿನದು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊಸನಗರವನ್ನು ಹಾದು ಸಾಗರಕ್ಕೆ ಬರುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು, ಹೊಸನಗರ ಮತ್ತು ಸಾಗರ ತಾಲ್ಲೂಕುಗಳ ಅನೇಕ ಹಳ್ಳಿಗಳು ಮುಳುಗಿದವು. ಸಾವಿರಾರು ಕುಟುಂಬಗಳು ನೆಲೆ ಕಳೆದುಕೊಂಡವು. ಕತ್ತಲೆಯ ನಾಡಿಗೆ ಬೆಳಕು ಕೊಡಲೆಂದೇ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಸಹ ಈ ಹೊಸ ಜಲಾಶಯದಲ್ಲಿ ಮುಳುಗಿತು! ಇದನ್ನು ಕಥೆಯಲ್ಲಿ ಹಾಗೆಯೇ ಹೇಳಿದರೆ ಉತ್ಪ್ರೇಕ್ಷೆ ಎನ್ನುವವರೂ ಇದ್ದಾರು. ನಡೆದುದೆಲ್ಲವೂ ಕಥೆಯಲ್ಲಿ ನಂಬಲರ್ಹವಾಗುವುದಿಲ್ಲ. ಲೇಖಕನು ಅದಕ್ಕೆ ದಾರಿ ಮಾಡಿಕೊಡಬೇಕು.

ಸಾಗರದ ನಾ. ಡಿಸೋಜ (1937-2025) ಅಂಥ ದಾರಿಯನ್ನು ಬಲ್ಲವರಾಗಿದ್ದರು. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಅವರು ಶರಾವತಿ ಯೋಜನೆಯನ್ನು ಹತ್ತಿರದಿಂದ ಕಂಡವರು. 2002ರಲ್ಲಿ ಗಿರೀಶ್ ಕಾಸರವಳ್ಳಿಯವರು ಚಲನಚಿತ್ರವಾಗಿಸಿದ ಅವರ ‘ದ್ವೀಪ’ ಕಾದಂಬರಿಯಲ್ಲಿ ನೆರೆಯವರೆಲ್ಲ ಹೊರಟುಹೋದ ಮೇಲೂ ಗಣಪಯ್ಯ, ಅವನ ಹೆಂಡತಿ ನಾಗವೇಣಿ ಮತ್ತು ವೃದ್ಧ ತಂದೆ ಅಲ್ಲಿಯೇ ಉಳಿಯುತ್ತಾರೆ. ನೀರು ಒಮ್ಮೆಲೇ ಬಂದು ಅಪ್ಪಳಿಸುವುದಿಲ್ಲ, ಮೆಲ್ಲಮೆಲ್ಲನೆ ಏರುತ್ತದೆ. ಲಿಂಗನಮಕ್ಕಿಯ ಪೂರ್ಣಮಟ್ಟ 1,819 ಅಡಿ ಎಂಬುದು ಎಂಜಿನಿಯರಿಗೆ ಬೇಕಾದ ಅಂಕಿ. ಮನೆಯಲ್ಲಿರುವವರಿಗೆ ಬೇಕಾದ ಅಳತೆ ನೀರು ತೋಟಕ್ಕೆ ಬಂತೇ, ಅಂಗಳಕ್ಕೆ ಬಂತೇ ಎಂಬುದು. ನೀರು ಏರುತ್ತಿರುವಾಗಲೂ ಒಲೆ ಉರಿಯಬೇಕು, ಮುದುಕನ ಆರೈಕೆ ನಡೆಯಬೇಕು. ನೆರವಿಗೆಂದು ಬಂದ ಕೃಷ್ಣಯ್ಯನಿಂದಾಗಿ ಗಂಡನ ಮನಸ್ಸಿನಲ್ಲಿ ಸಂಶಯ ಮೊಳೆಯುತ್ತದೆ. ಹೊರಗೆ ನೀರು, ಒಳಗೆ ಸಂಶಯ ಒಂದೇ ವೇಗದಲ್ಲಿ ಏರುತ್ತಿರುವಂತೆ, ದಾರಿಗಳು ಒಂದೊಂದಾಗಿ ಮುಚ್ಚಿ ಗುಡ್ಡವು ದ್ವೀಪವಾಗುತ್ತದೆ.