ಕೆಡವುವ ಮುಂಚೆ ಹಿಡಿದಿಟ್ಟ ಓಣಿಗಳು

ಈ ಹಳೆಯ ಫೋಟೋದಲ್ಲಿ ಮೇಲೆ ನೋಡಿ. ಎರಡು ಗೋಡೆಗಳ ನಡುವೆ ಒಣಗಹಾಕಿದ ಬಟ್ಟೆ ಹೊಗೆಯ ಹಾಗೆ ಕಲಸಿಹೋಗಿದೆ. ಗಾಳಿಗೆ ಅಲ್ಲಾಡಿದ್ದೇ ಕಾರಣ.

ಇದು ಸ್ಕಾಟ್ಲೆಂಡಿನ ಗ್ಲಾಸ್ಗೋ. ಇಲ್ಲಿನ ಕಿಕ್ಕಿರಿದ ಹಳೆಯ ವಠಾರಗಳನ್ನು ಕೆಡವಲು 1866ರಲ್ಲಿ ಕಾಯ್ದೆ ಬಂತು. ಕೆಡವುವ ಮುಂಚೆ ಫೋಟೋ ತೆಗೆಯುವ ಕೆಲಸ ಛಾಯಾಗ್ರಾಹಕ ಥಾಮಸ್ ಅನ್ನಾನ್ ಪಾಲಿಗೆ ಬಂತು. 1868ರಿಂದ 1871ರವರೆಗೆ ಅವರು ಈ ಓಣಿಗಳಲ್ಲಿ ಕ್ಯಾಮೆರಾ ಇಟ್ಟರು.

ಸುಲಭದ ಕೆಲಸವಲ್ಲ ಅದು! ಆಗ ಫಿಲ್ಮ್ ಇರಲಿಲ್ಲ, ಗಾಜಿನ ಫಲಕ. ಅದಕ್ಕೆ ಕೊಲೋಡಿಯನ್ ಎಂಬ ಅಂಟು ದ್ರವ ಸವರಿ, ಸಿಲ್ವರ್ ನೈಟ್ರೇಟ್‌ನಲ್ಲಿ ಅದ್ದಿ, ಆರುವ ಮೊದಲೇ ಫೋಟೋ ತೆಗೆಯಬೇಕು, ತೊಳೆಯಲೂಬೇಕು. ಬಿಸಿಲೇ ಇಳಿಯದ ಓಣಿ. ಲೆನ್ಸ್ ತುಂಬ ಹೊತ್ತು ತೆರೆದೇ ಇರಬೇಕು. ಅಷ್ಟು ಹೊತ್ತು ಕದಲದೆ ನಿಂತವರು ಸ್ಪಷ್ಟವಾಗಿ ಮೂಡಿದರು. ನಡೆದುಹೋದವರು ಬರೀ ಮಸುಕು.

ಗೋಡೆಗೆ ಒರಗಿದ ಈ ಮಕ್ಕಳನ್ನು ನೋಡಿ. ಹೆಸರು ಯಾರೂ ಬರೆದಿಡಲಿಲ್ಲ. ತೆಗೆಸಿದ್ದು ಕಟ್ಟಡಗಳ ದಾಖಲೆಗೆ. ನನಗಂತೂ ಇವರೇ ಈ ಚಿತ್ರಗಳ ಜೀವ. ಒದ್ದೆ ಕಲ್ಲುಹಾಸು, ನಡುವೆ ಹರಿಯುವ ಚರಂಡಿ, ಅದರ ಪಕ್ಕದಲ್ಲೇ ಇವರ ಬಾಲ್ಯ.

ಅನ್ನಾನ್ 1887ರಲ್ಲಿ ತೀರಿಕೊಂಡರು. ಅವರ ಮಗ ಜೇಮ್ಸ್ ಕ್ರೇಗ್ ಅನ್ನಾನ್ ವಿಯೆನ್ನಾದಲ್ಲಿ ಫೋಟೋಗ್ರಾವ್ಯೂರ್ ಎಂಬ ಫೋಟೋ ಮುದ್ರಣ ವಿಧಾನ ಕಲಿತು ಬಂದಿದ್ದರು. ಆ ವಿಧಾನದಲ್ಲೇ 1900ರಲ್ಲಿ ಈ ಚಿತ್ರಗಳು ಪುಸ್ತಕವಾಗಿ ಬಂದವು.